ಗಲ್ಫಿನ ಪೆಟ್ಟಿಗೆ, ಕೊಚ್ಚಿಯ ರೇಡಿಯೋ

ವೈಪಿನ್‌ನಿಂದ ಫೋರ್ಟ್ ಕೊಚ್ಚಿಗೆ ಬರುವ ರೋ-ರೋ ದೋಣಿಯಲ್ಲಿ ಕಾರುಗಳು ಒತ್ತೊತ್ತಾಗಿ ನಿಲ್ಲುತ್ತವೆ. ಕಿಟಕಿ ಇಳಿಸಿದರೆ ಪಕ್ಕದ ಕಾರಿನ ಹಾಡು ನಮಗೂ ಉಚಿತ. ನಾಲ್ಕೈದು ನಿಮಿಷದಲ್ಲಿ ದಡ, ಚೀನೀ ಬಲೆಗಳು, ಮೀನಿನ ವಾಸನೆ.

ಕಡಲಾಚೆಯ ಸರಕು ಈ ಊರಿಗೆ ಹೊಸದಲ್ಲ. ಮೆಣಸಿಗಾಗಿ ಬಂದ ವಾಸ್ಕೋ ಡ ಗಾಮ 1524ರಲ್ಲಿ ತೀರಿಕೊಂಡದ್ದೂ ಕೊಚ್ಚಿಯಲ್ಲೇ. ಈಗ ಸರಕು ಇಳಿಯುವುದು ನೆಡುಂಬಾಶ್ಶೇರಿ ವಿಮಾನ ನಿಲ್ದಾಣದಲ್ಲಿ: ಗಲ್ಫಿನಿಂದ ರಜೆಗೆ ಬರುವವರ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು. ಒಂದರಲ್ಲಿ ಕಾರ್ ಸ್ಟೀರಿಯೋ ಇದ್ದರೆ ಅಚ್ಚರಿಯಿಲ್ಲ.

ಅಮೆರಿಕದ ಭಾವನಿಗೆ, ಜಪಾನಿಗೆ ಆನ್‌ಸೈಟ್ ಹೋದ ಗೆಳೆಯನಿಗೆ ನಾವೂ ಇಂಥ ಪಟ್ಟಿ ಕೊಡುತ್ತೇವೆ. ಕಾರಿನ 12 ವೋಲ್ಟ್ ಎಲ್ಲೆಡೆ ಒಂದೇ, ರೇಡಿಯೋ ಹಾಗಲ್ಲ. ಜಪಾನಿನವರಿಗೆಂದೇ ಮಾಡಿದ ಹಳೆಯ ಸೆಟ್‌ನ ಎಫ್‌ಎಂ 76ರಿಂದ 90 ಮೆಗಾಹರ್ಟ್ಜ್‌ವರೆಗೆ ಮಾತ್ರ. ಕೊಚ್ಚಿ ಆಕಾಶವಾಣಿ ಇರುವುದು 102.3ರಲ್ಲಿ. ಅಮೆರಿಕದ ಸೆಟ್ ಎಎಂನಲ್ಲಿ 10 ಕಿಲೋಹರ್ಟ್ಜ್‌ಗೊಮ್ಮೆ ಹೆಜ್ಜೆ ಇಡುತ್ತದೆ, ನಮ್ಮಲ್ಲಿ 9ಕ್ಕೊಮ್ಮೆ. ಹಾಗಾಗಿ ಬೆಂಗಳೂರಿನ 612 ಅದಕ್ಕೆ ಸಿಗದು, 610ರಿಂದ 620ಕ್ಕೆ ಹಾರಿಬಿಡುತ್ತದೆ. ಹಲವು ಸೆಟ್‌ಗಳ ಸೆಟ್ಟಿಂಗ್‌ನಲ್ಲಿ ದೇಶ ಬದಲಿಸಬಹುದು. ದುಡ್ಡು ಕೊಡುವ ಮುಂಚೆ ಅದನ್ನೂ, ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂಬುದನ್ನೂ ನೋಡಿಸಿಕೊಳ್ಳಿ.

ಹಾಡು ಫೋನಿನಲ್ಲೇ ಇದೆಯಲ್ಲ, ರೇಡಿಯೋ ಯಾಕೆ ಎನ್ನಬಹುದು. ಕೊಚ್ಚಿಗೆ ಬಂದ ಹೊಸದರಲ್ಲಿ ನನಗೆ ಮಲಯಾಳಂ ಕಲಿಸಿದ್ದು ಕಾಕ್ಕನಾಡಿನ ಟ್ರಾಫಿಕ್ಕು ಮತ್ತು ಕಾರಿನ ಎಫ್‌ಎಂ. ಫೋನಿನಲ್ಲಿ ನಾವು ತಂದ ಹಾಡು ಮಾತ್ರ ಇರುತ್ತದೆ. ಮಳೆ ಸುದ್ದಿ, ಮೀನಿನ ಮಾತು, ಪಕ್ಕದ ಮನೆಯವರು ನಗುವ ಜೋಕು ರೇಡಿಯೋದಲ್ಲಿ ಬರುತ್ತದೆ. ಪರದೇಶದ ಸೆಟ್ ತರಿಸಿ, ತೊಂದರೆಯಿಲ್ಲ. ನಾವಿರುವ ಊರು ಅದಕ್ಕೆ ಕೇಳಿಸುವಂತಿರಲಿ.