ರಾಯರ ಕೆರೆಯೂ ಅಂಕಸಮುದ್ರವೂ

ಹೊಸಪೇಟೆಯಿಂದ ಸಂಡೂರಿನ ಕಡೆಗೆ ಹೊರಟವರು ಗುಡ್ಡಗಳ ನಡುವೆ ಚಾಚಿಕೊಂಡಿರುವ ಭಾರಿ ಏರಿಯೊಂದನ್ನು ನೋಡಿರುತ್ತೀರಿ. ಅದು ಕೃಷ್ಣದೇವರಾಯನು ಕಟ್ಟಿಸಿದ ರಾಯರ ಕೆರೆಯ ಏರಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆ ಕೆಲಸವನ್ನು ಕಣ್ಣಾರೆ ಕಂಡಿದ್ದನು. 15ರಿಂದ 20 ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದರೆಂದು ಬರೆದಿದ್ದಾನೆ. ಕಟ್ಟಿದ್ದು ಒಡೆದುಹೋದಾಗ ನರಬಲಿ ಕೊಟ್ಟ ಸಂಗತಿಯನ್ನೂ ಅವನು ಮುಚ್ಚಿಟ್ಟಿಲ್ಲ. ಗೋವೆಯಿಂದ ಬಂದ ಪೋರ್ಚುಗೀಸ್ ಕಲ್ಲುಕೆಲಸದ ನಿಪುಣನೊಬ್ಬ ಇಲ್ಲಿ ನೆರವಾದನೆಂದು ಅವನ ಬಳಿಕ ಬಂದ ನೂನಿಜ್ ಹೇಳುತ್ತಾನೆ. ಇಷ್ಟೆಲ್ಲ ಬೆವರೂ ರಕ್ತವೂ ಹರಿದ ಕೆರೆಯ ಅಂಗಳದಲ್ಲಿ ಬಹುಕಾಲದಿಂದ ನೀರಿಲ್ಲ, ಹೊಲಗಳಿವೆ.

ಪಾಪಿನಾಯಕನಹಳ್ಳಿಯ ನಮಗೆ ಈ ಕಥೆ ದೂರದ್ದಲ್ಲ. ಕೆರೆ ಎಂಬುದು ಒಂದೇ ದಿನ ಸಾಯುವುದಿಲ್ಲ. ಮೊದಲು ನೀರು ತರುವ ಹಳ್ಳ ಮುಚ್ಚುತ್ತದೆ, ಆಮೇಲೆ ಹೂಳು ಏರುತ್ತದೆ, ತೂಬು ಕೆಡುತ್ತದೆ. ಬೇಸಿಗೆಯಲ್ಲಿ ಒಣಗಿದ ಅಂಗಳ ಯಾರ ಕಣ್ಣಿಗಾದರೂ ಬರಿದಾದ ಜಾಗವಾಗಿಯೇ ಕಾಣುತ್ತದೆ. ಆದರೆ ಮಳೆಗಾಲದಲ್ಲಿ ನಿಂತ ನೀರು ಮೆಲ್ಲನೆ ನೆಲಕ್ಕಿಳಿದು ಸುತ್ತಲಿನ ಬಾವಿಗೂ ಕೊಳವೆಬಾವಿಗೂ ಸೇರುವುದು ಆ ಅಂಗಳದಿಂದಲೇ.

ಹೂಳಿನ ಬಗೆಗೆ ಒಂದು ಮಾತು. ಹಿಂದೆ ರೈತರು ಬೇಸಿಗೆಯಲ್ಲಿ ಕೆರೆಯ ಗೋಡನ್ನು ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಕೆರೆ ಆಳವಾಗುತ್ತಿತ್ತು, ಹೊಲಕ್ಕೆ ಗೊಬ್ಬರವೂ ಆಗುತ್ತಿತ್ತು. ನಮ್ಮ ಸೀಮೆಯಲ್ಲಿ ಗುಡ್ಡಗಳಿಂದ ಇಳಿಯುವ ಅದಿರಿನ ಕೆಂಪು ಪುಡಿ ಅಂಥ ಗೋಡಲ್ಲ. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. ಮುಂದೆ ಕಟ್ಟುಪಾಡುಗಳೊಡನೆ ಅದು ಮತ್ತೆ ಆರಂಭವಾಯಿತು. ಅನ್ನ ಕೊಡುವ ಕೆಲಸವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಗುಡ್ಡದ ಮಣ್ಣು ಮಳೆನೀರಿನೊಡನೆ ಹಳ್ಳಕ್ಕಿಳಿಯದಂತೆ ತಡೆಗಟ್ಟೆ ಹಾಕುವುದು ಗಣಿ ನಡೆಸುವವರ ಸಾಲವೇ ಹೊರತು ಉಪಕಾರವಲ್ಲ.

ಇನ್ನು ನಮ್ಮ ಜಿಲ್ಲೆಯದೇ ಮತ್ತೊಂದು ಕೆರೆಯನ್ನು ನೋಡೋಣ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಶತಮಾನಗಳ ಹಿಂದೆ ನೀರಾವರಿಗಾಗಿ ಕಟ್ಟಿದ, ಸುಮಾರು 244 ಎಕರೆಯ ಹಳ್ಳಿಗೆರೆ. ಕೆರೆಯೊಳಗೆ ಜಾಲಿಮರಗಳು ನಿಂತಿವೆ. ಅವುಗಳ ಮೇಲೆ ಬಣ್ಣದ ಕೊಕ್ಕರೆಗಳು, ಕರಿತಲೆಯ ಕೆಂಬರಲುಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಅಲ್ಲಿ 240 ಬಗೆಯ ಪಕ್ಷಿಗಳನ್ನು ಗುರುತಿಸಲಾಗಿದೆ. ಗೂಡು ಕಟ್ಟುವ, ರಾತ್ರಿ ತಂಗುವ ನೀರಹಕ್ಕಿಗಳು 30 ಸಾವಿರವನ್ನೂ ಮೀರುತ್ತವೆ. ಅವುಗಳ ಹಿಕ್ಕೆ ಬಿದ್ದ ನೀರೇ ಗೊಬ್ಬರವಾಗುತ್ತದೆ. ಈ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿ ಕೊನೆಯಲ್ಲಿ ಅಘನಾಶಿನಿ ಅಳಿವೆ ಹಾಗೂ ಗದಗ ಜಿಲ್ಲೆಯ ಮಾಗಡಿ ಕೆರೆಯೊಡನೆ ರಾಮ್ಸರ್ ಪಟ್ಟಿಗೂ ಸೇರಿತು. ಇರಾನಿನ ರಾಮ್ಸರ್ ನಗರದಲ್ಲಿ 1971ರ ಫೆಬ್ರವರಿ 2ರಂದು ಜೌಗು ಪ್ರದೇಶಗಳ ರಕ್ಷಣೆಗಾಗಿ ರಾಷ್ಟ್ರಗಳು ಮಾಡಿಕೊಂಡ ಒಡಂಬಡಿಕೆಯ ಪಟ್ಟಿ ಅದು.

ಚಕ್ರವರ್ತಿಯ ಕೆರೆ ಹೊಲವಾಯಿತು, ಹಳ್ಳಿಯ ಕೆರೆ ಲೋಕದ ಪಟ್ಟಿಗೆ ಏರಿತು. ಇದರಲ್ಲಿ ನನಗೆ ವಿಸ್ಮಯವೆನಿಸುವುದು ಕಾನೂನಿನ ಮಾತು. ರಾಮ್ಸರ್ ಒಡಂಬಡಿಕೆಯು ಮನುಷ್ಯ ಕಟ್ಟಿದ ಕೆರೆಯನ್ನೂ, ಭತ್ತದ ಗದ್ದೆಯನ್ನೂ ಜೌಗು ಪ್ರದೇಶವೆಂದೇ ಎಣಿಸುತ್ತದೆ. ನಮ್ಮ ದೇಶದ 2017ರ ಜೌಗು ಪ್ರದೇಶ ನಿಯಮಗಳಾದರೋ ಕುಡಿಯುವ ನೀರಿಗೆಂದೋ ನೀರಾವರಿಗೆಂದೋ ಕಟ್ಟಿದವುಗಳನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಅಂಕಸಮುದ್ರಕ್ಕೆ ಸಿಕ್ಕ ಗೌರವ ಹೆಸರಿಲ್ಲದ ನೂರಾರು ಊರಕೆರೆಗಳಿಗೆ ತಾನಾಗಿ ಸಿಗುವುದಿಲ್ಲ. ಕೆರೆಗಳಿಗೆ ಬೇರೆ ಕಾನೂನುಗಳಿವೆ, ನಿಜ. ಅವು ಕೆಲಸಕ್ಕೆ ಬರುವುದು ಕೆರೆಯ ಎಲ್ಲೆ ಯಾವುದೆಂದು ಊರಿಗೆ ಗೊತ್ತಿದ್ದಾಗ ಮಾತ್ರ.

ಆದ್ದರಿಂದ ಮುಂದಿನ ಫೆಬ್ರವರಿ 2ರಂದು, ಅಥವಾ ಅದಕ್ಕೂ ಮೊದಲೇ ಒಂದು ಸಂಜೆ, ಮಕ್ಕಳನ್ನು ಕರೆದುಕೊಂಡು ನಿಮ್ಮೂರ ಕೆರೆಯ ಏರಿಯ ಮೇಲೆ ನಡೆಯಿರಿ. ಕೋಡಿ ಎಲ್ಲಿ ಬೀಳುತ್ತಿತ್ತು, ತೂಬು ಎಲ್ಲಿದೆ, ಯಾವ ಹಳ್ಳದಿಂದ ನೀರು ಬರುತ್ತಿತ್ತು ಎಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಕಂದಾಯ ಇಲಾಖೆಯ ನಕಾಶೆಯಲ್ಲಿರುವ ಎಲ್ಲೆಯೊಡನೆ ಅದನ್ನು ಹೋಲಿಸಿ ನೋಡಿರಿ. ವ್ಯತ್ಯಾಸ ಕಂಡರೆ ಗ್ರಾಮಸಭೆಯಲ್ಲಿ ಅರ್ಜಿ ಕೊಟ್ಟು, ಅಳತೆ ಮಾಡಿಸಿ ಕಲ್ಲು ನೆಡಿಸುವಂತೆ ಕೇಳಿರಿ.