ಕಬ್ಬಿಣದ ಬೆಟ್ಟ, ನೀರಿನ ಬೆಟ್ಟ

ಸಂಸೆ ದಾಟಿದ ಮೇಲೆ ಡಾಂಬರು ರಸ್ತೆ ಕಿರಿದಾಗುತ್ತ ಹೋಗಿ ಒಂದು ತಿರುವಿನಲ್ಲಿ ಮುಗಿದೇ ಹೋಗುತ್ತದೆ. ಮುಂದೆಲ್ಲ ಜೀಪಿನದೇ ರಾಜ್ಯ. ಮೊದಲ ಗೇರಿನಲ್ಲಿ ಗುರುಗುಡುತ್ತ, ಕಲ್ಲಿನಿಂದ ಕಲ್ಲಿಗೆ ಕುಪ್ಪಳಿಸುತ್ತ ಅದು ಮುಳ್ಳೋಡಿ ಎಂಬ ಊರಿನ ಕಡೆ ಏರುತ್ತಿದೆ. ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಹೊರಗೆ ನೋಡಿ. ಕಾಫಿ ಗಿಡಗಳ ಮೇಲೆ ಸಿಲ್ವರ್ ಮರಗಳು, ಮರಗಳನ್ನು ತಬ್ಬಿಕೊಂಡ ಮೆಣಸಿನ ಬಳ್ಳಿ, ಅಲ್ಲಲ್ಲಿ ಒಂಟಿ ಹಂಚಿನ ಮನೆ, ಅದರ ಮುಂದೆ ಒಂದು ತುಂಡು ಗದ್ದೆ. ಸೆಪ್ಟೆಂಬರಿನ ಕೊನೆ. ಮಳೆ ಇನ್ನೂ ಪೂರ್ತಿ ಹೊರಟುಹೋಗಿಲ್ಲ. ದಾರಿಗಡ್ಡವಾಗಿ ಹರಿಯುವ ನೀರನ್ನು ಚಕ್ರ ಕಲಕಿದರೆ ಕಡುಗೆಂಪು ಬಣ್ಣ ಎದ್ದು ಬರುತ್ತದೆ. ಈ ಮಣ್ಣಿನೊಳಗೆ ಕಬ್ಬಿಣವಿದೆ. ಇಡೀ ಬೆಟ್ಟಸಾಲಿನ ಹಣೆಬರಹವನ್ನು ಒಂದು ಕಾಲಕ್ಕೆ ಬರೆಯಹೊರಟಿದ್ದೂ ಇದೇ ಕೆಂಪು.

ಮುಳ್ಳೋಡಿಯ ಮನೆಯೊಂದರ ಜಗಲಿಯಲ್ಲಿ ಬಿಸಿ ಕಡುಬು, ಕಾಯಿಚಟ್ನಿ. ಮಧ್ಯಾಹ್ನದ ಬುತ್ತಿಯನ್ನೂ ಅಲ್ಲೇ ಕಟ್ಟಿಕೊಡುತ್ತಾರೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ನಡೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಜತೆಗೆ ಊರಿನವನೇ ಒಬ್ಬ ದಾರಿ ತೋರಿಸುವವನು ಬೇಕು, ಕತ್ತಲಾಗುವುದರೊಳಗೆ ಇಳಿದು ಬರಬೇಕು. ಇಷ್ಟು ನಿಯಮ ಗೊತ್ತಿದ್ದರೆ ಸಾಕು. ನಮ್ಮ ಜತೆಗೆ ಬರುವ ಹುಡುಗ ಇದೇ ಊರಿನವನು. ಮಾತು ಕಡಿಮೆ, ಹೆಜ್ಜೆ ಹಗುರ. ಮನೆಯಾಕೆ ಉಪ್ಪಿನ ಪೊಟ್ಟಣವೊಂದನ್ನು ಕೈಗಿಡುತ್ತಾರೆ: "ಇಂಬಳ ಹತ್ತಿದ್ರೆ ಕಿತ್ತು ಎಳೀಬೇಡಿ ಮಾರಾಯ್ರೆ, ಇದನ್ನ ಹಾಕಿ. ತಾನೇ ಬಿಡ್ತದೆ."

ಹೊರಡೋಣ. ಕುದುರೆಮುಖ ಶಿಖರಕ್ಕೆ ಹೆಚ್ಚುಕಡಿಮೆ ಒಂಬತ್ತು ಹತ್ತು ಕಿಲೋಮೀಟರ್.

ಕಾಲುದಾರಿ ಮೊದಲು ಕಾಡಿನೊಳಗೆ ನುಸುಳುತ್ತದೆ. ಹೊರಗಿನ ಬೆಳಕು ಒಮ್ಮೆಲೇ ಹಸಿರಾಗುತ್ತದೆ. ಕಣ್ಣಿಗಿಂತ ಮೊದಲು ಕಿವಿ ತೆರೆಯುತ್ತದೆ: ಎಡಗಡೆ ಕಾಣದ ಹಳ್ಳವೊಂದರ ಭೋರ್ಗರೆತ, ಎಲೆಯಿಂದ ಎಲೆಗೆ ಜಾರುವ ಹನಿಗಳ ಟಪಟಪ, ಜೀರುಂಡೆಗಳ ಬಿಡದ ಶ್ರುತಿ. ಇವೆಲ್ಲದರ ನಡುವೆ ಇದ್ದಕ್ಕಿದ್ದಂತೆ ಯಾರೋ ಹುಡುಗ ರಾಗ ಮರೆತು ಶಿಳ್ಳೆ ಹಾಕಿದ ಹಾಗೆ ಒಂದು ಇನಿದನಿ. ಜತೆಗಾರ ಕೈಯೆತ್ತಿ ನಿಲ್ಲಿಸುತ್ತಾನೆ. ನೀರಿನ ನಡುವಿನ ಬಂಡೆಯ ಮೇಲೆ ಸಿಳ್ಳಾರ ಹಕ್ಕಿ. ಕರ್ರಗಿದೆಯಲ್ಲ ಎಂದುಕೊಳ್ಳುವಷ್ಟರಲ್ಲಿ ಅದು ಹೆಗಲು ತಿರುಗಿಸುತ್ತದೆ. ರೆಕ್ಕೆಯ ಮೇಲೆ ಕಡುನೀಲಿ ಮಿಂಚುತ್ತದೆ. ಮತ್ತೊಮ್ಮೆ ಶಿಳ್ಳೆ, ಮೊದಲಿನ ರಾಗವಲ್ಲ. ಆಮೇಲೆ ಹಾರಿ ಹೋಗುತ್ತದೆ.

ಹಳ್ಳವನ್ನು ದಾಟುವಾಗ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಿ. ತಣ್ಣನೆಯ ನೀರು ಮೊಣಕಾಲಿಗೆ ಬಡಿಯುತ್ತದೆ, ಪಾದದಡಿಯ ಕಲ್ಲು ಜಾರುತ್ತದೆ. ಕೆಳಗಿನ ದಾರಿಯಲ್ಲಿ ಅಷ್ಟು ಕೆಂಪಾಗಿದ್ದ ನೀರು ಇಲ್ಲಿ ತಳದ ಮರಳು ಎಣಿಸುವಷ್ಟು ತಿಳಿ. ಕಾಡಿನಿಂದ ಬಂದ ನೀರು ತಿಳಿ, ಚಕ್ರ ಅಗೆದ ದಾರಿಯಿಂದ ಬಂದ ನೀರು ಕೆಂಪು. ಇಡೀ ದಿನ ಈ ವ್ಯತ್ಯಾಸ ನನ್ನ ತಲೆಯಿಂದ ಹೋಗುವುದಿಲ್ಲ.

ಏರಿ ಏರಿ ಒಂಟಿ ಮರದ ಬುಡಕ್ಕೆ ಬಂದೆವು. ಊರವರು ಈ ಜಾಗವನ್ನು ಕರೆಯುವುದೂ ಹಾಗೆಯೇ, ಒಂಟಿಮರ. ಸುತ್ತ ಬರೀ ಹುಲ್ಲು, ನಡುವೆ ಅದೊಂದೇ. ಎದುರಿಗೆ ಮೋಡ ಗೋಡೆ ಕಟ್ಟಿ ನಿಂತಿದೆ. "ಇಲ್ಲೊಂದು ಚೂರು ನಿಂತ್ಕೊಳ್ಳಿ ಅಕ್ಕ, ಗಾಳಿ ಬಂದ್ರೆ ಮುಖ ಕಾಣ್ತದೆ" ಎನ್ನುತ್ತಾನೆ ಹುಡುಗ. ಗಾಳಿ ಬಂತು. ಮೋಡ ಮೊದಲು ತೆಳುವಾಯಿತು, ಆಮೇಲೆ ಹರಿಯಿತು. ಬೆಟ್ಟದ ಅಂಚು ಎಳೆದು ಬರೆದಂತೆ ಹೊರಬಿತ್ತು. ನೀಳವಾದ ಮೂಗು, ಹಣೆ, ಹಿಂದಕ್ಕೆ ಬಾಗಿದ ಕತ್ತು. ಕುದುರೆ! ಪಡುವಣ ಸಮುದ್ರದ ಹಡಗುಗಳಿಗೂ ಈ ಮುಖ ಕಾಣುತ್ತಿತ್ತಂತೆ, ನಾವಿಕರು ಇದನ್ನೇ ಗುರುತಾಗಿ ಇಟ್ಟುಕೊಂಡಿದ್ದರಂತೆ. ಒಂದೆರಡು ನಿಮಿಷ ಮಾತ್ರ. ಮತ್ತೆ ಮೋಡ ಬಂದು ಕುದುರೆಯನ್ನು ಮುಚ್ಚಿತು.

ಇಲ್ಲಿಂದ ಮುಂದೆ ಬೇರೆಯೇ ಲೋಕ. ಬೆಟ್ಟಗಳು ಒಂದರ ಹಿಂದೊಂದು, ಮೈತುಂಬ ಹುಲ್ಲು. ಆ ಹುಲ್ಲಿನ ಮೈಯಲ್ಲಿ, ಸೀರೆಯ ನೆರಿಗೆಯೊಳಗೆ ಕತ್ತಲು ಸೇರಿಕೊಂಡಂತೆ, ಪ್ರತಿ ಕಣಿವೆಯ ಮಡಿಕೆಯಲ್ಲೂ ಕಡುಹಸಿರು ಕಾಡಿನ ಒಂದು ಪಟ್ಟಿ. ಇವೇ ಶೋಲಾ ಕಾಡುಗಳು. ದಿಬ್ಬದ ಮೇಲೆ ಮಣ್ಣು ತೆಳು, ಗಾಳಿಯ ಹೊಡೆತ ಜೋರು, ಅಲ್ಲಿ ಹುಲ್ಲೇ ನಿಲ್ಲಬೇಕು. ತಗ್ಗಿನಲ್ಲಿ ಮಣ್ಣು ಆಳ, ತೇವ ಸದಾ ಇರುತ್ತದೆ, ಅಲ್ಲಿ ಮರಗಳು ಒತ್ತಾಗಿ ನಿಲ್ಲುತ್ತವೆ. ನಡುವಿನ ಗಡಿ ಎಷ್ಟು ಸ್ಪಷ್ಟವೆಂದರೆ ಒಂದು ಹೆಜ್ಜೆ ಬಿಸಿಲಲ್ಲಿ, ಮುಂದಿನ ಹೆಜ್ಜೆ ನೆರಳಲ್ಲಿ. ಇಂಥ ಹುಲ್ಲುಗುಡ್ಡಗಳನ್ನು ಬಂಜರೆಂದು ಬಗೆದು ಅಕೇಶಿಯಾ, ನೀಲಗಿರಿ ನೆಟ್ಟ ಕಾಲವೂ ನಮ್ಮ ಘಟ್ಟಗಳಲ್ಲಿ ಇತ್ತು. ಹಾಗೆ ಬಗೆದವರು ಮಳೆಗಾಲದ ಕೊನೆಯಲ್ಲೊಮ್ಮೆ ಇಲ್ಲಿ ಮಂಡಿಯೂರಿ ಕೂತು ನೋಡಬೇಕಿತ್ತು. ಹುಲ್ಲಿನ ಬುಡದಲ್ಲಿ ಹೂಗಳ ಜಾತ್ರೆಯೇ ನೆರೆದಿದೆ: ಹಳದಿ, ಗುಲಾಬಿ, ಬಿಳಿ. ನೀರು ಜಿನುಗುವ ಬಂಡೆಯ ಮೇಲೆ ಉಗುರಿನಷ್ಟು ಸಣ್ಣ ನೇರಳೆ ಹೂಗಳು ಒತ್ತೊತ್ತಾಗಿ ಅರಳಿವೆ. ಯುಟ್ರಿಕ್ಯುಲೇರಿಯಾ ಇವು. ಮೇಲೆ ಇಷ್ಟು ಮುದ್ದಾದ ಹೂ, ಕೆಳಗೆ ನೀರಿನೊಳಗೆ ಕಣ್ಣಿಗೆ ಕಾಣದ ಚೀಲಗಳಲ್ಲಿ ಸೂಕ್ಷ್ಮಜೀವಿಗಳನ್ನು ಹಿಡಿದು ತಿನ್ನುವ ಬೇಟೆ.

ಮುಂದಿನ ಶೋಲಾದೊಳಗೆ ಹೋಗೋಣ. ಕೊಂಬೆಗಳು ತಿರುಚಿ ಬೆಳೆದಿವೆ, ತೊಗಟೆ ಕಾಣದಷ್ಟು ಪಾಚಿ, ಪಾಚಿಯ ಮೇಲೆ ಸೀತಾಳೆ ದಂಡೆಯ ಜಾತಿಯ ಗಿಡಗಳು ಬೇರೂರಿ ಕೂತಿವೆ. ಕಾಲಡಿಯಲ್ಲಿ ಕೊಳೆತ ಎಲೆಯ ದಪ್ಪ ಹಾಸು. ಹುಡುಗ ಅದನ್ನು ಕೈಯಲ್ಲಿ ಒಂದು ಹಿಡಿ ಎತ್ತಿ ಹಿಂಡುತ್ತಾನೆ. ಬೆರಳ ಸಂದಿಯಿಂದ ನೀರು ಧಾರೆಯಾಗಿ ಇಳಿಯುತ್ತದೆ. "ಬೇಸಿಗೆಯಲ್ಲೂ ಈ ಹಳ್ಳ ಬತ್ತೋದಿಲ್ಲ ಅಕ್ಕ" ಎನ್ನುತ್ತಾನೆ. ಜೂನ್ ಜುಲೈಯಲ್ಲಿ ಹುಚ್ಚಾಗಿ ಸುರಿಯುವ ಮಳೆಯನ್ನು ಈ ಹುಲ್ಲು, ಈ ಹಾಸು ಹಿಡಿದಿಟ್ಟುಕೊಂಡು ಏಪ್ರಿಲಿನಲ್ಲಿ ಹನಿಹನಿಯಾಗಿ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ನದಿಯ ಮೂಲ ಎಂದರೆ ಒಂದು ಗುಹೆ, ಒಂದು ಕುಂಡ ಎಂದೇ ನಾನು ಕಲ್ಪಿಸಿಕೊಂಡಿದ್ದೆ. ಹುಡುಗನ ಮುಷ್ಟಿಯಿಂದ ಇಳಿಯುವ ಈ ನೀರೂ ಮೂಲವೇ.

ಎತ್ತರದ ಕೊಂಬೆಗಳಲ್ಲಿ ಏನೋ ಸರಸರ ಸದ್ದು. ಕತ್ತೆತ್ತಿದರೆ ತೂಗುವ ಎಲೆಗಳಷ್ಟೇ. ಸಿಂಗಳೀಕವಿರಬಹುದು, ಇಲ್ಲದಿರಬಹುದು. ಮುಖದ ಸುತ್ತ ನರೆತ ಕೇಸರ, ತುದಿಯಲ್ಲಿ ಕುಚ್ಚಿರುವ ಬಾಲ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದರ ನೆಲೆಯಿಲ್ಲ. ಮರದ ನೆತ್ತಿಯಿಂದ ನೆತ್ತಿಗೆ ಹಾಯುತ್ತಲೇ ಬದುಕು ಕಳೆಯುವ ಪ್ರಾಣಿಗೆ ಕಾಡು ತುಂಡಾಗಬಾರದು. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಈ ಭಾಗದಲ್ಲಿ ಸಿಂಗಳೀಕಗಳ ಸಮೀಕ್ಷೆ ನಡೆಸಿ, ಈ ಕಾಡನ್ನು ಕಾಪಿಡಬೇಕೆಂದರು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನವಾಯಿತು. ಈಗ ಕಾಣದೇ ಹೋದರೂ, ಅವು ತಲೆಯ ಮೇಲೆಲ್ಲೋ ಇವೆ ಎಂಬುದೇ ಕಾಡನ್ನು ಇನ್ನಷ್ಟು ಎತ್ತರ ಮಾಡಿದೆ.

ದಾರಿಯಲ್ಲಿ ಪಾಳುಬಿದ್ದ ಗೋಡೆಗಳು. ಇದು ಲೋಬೋ ಮನೆ. ಈ ಎತ್ತರದಲ್ಲಿ, ಈ ಮಳೆಯಲ್ಲಿ ಒಂದು ಸಂಸಾರ ಬೇಸಾಯ ಮಾಡಿಕೊಂಡು ಬದುಕಿತ್ತಂತೆ. ಕಲ್ಲಿನ ಪಾಯ, ಅದರ ಮೇಲೆ ಹಬ್ಬಿದ ಜರೀಗಿಡ, ಸುತ್ತ ಹುಲ್ಲು. ಉಪ್ಪು, ಸೀಮೆಎಣ್ಣೆ ಎಲ್ಲವನ್ನೂ ಹೊತ್ತೇ ತರಬೇಕಿದ್ದ ಆ ದಿನಗಳನ್ನು ಊಹಿಸುತ್ತ ಗೋಡೆಯ ಮರೆಯಲ್ಲಿ ಬುತ್ತಿ ಬಿಚ್ಚುತ್ತೇವೆ. ಕಾಡಿನೊಳಗಿನ ಬದುಕು ಹಳೆಯ ಕಥೆ ಮಾತ್ರವಲ್ಲ. ಮಲೆಕುಡಿಯ ಬುಡಕಟ್ಟಿನವರ ಮನೆಗಳು ಉದ್ಯಾನದ ಒಡಲಲ್ಲಿ ಇಂದಿಗೂ ಇವೆ. ಕಾಡು ಬಿಟ್ಟು ಹೋಗಬೇಕೇ ಇರಬೇಕೇ ಎಂಬ ಮಾತು ಬಂದಾಗ ಮೊದಲು ಕೇಳಬೇಕಾದದ್ದು ಅವರ ದನಿ ಎಂದೇ ನನ್ನ ನಂಬಿಕೆ.

ಕೊನೆಯ ಏರು ಕಡಿದು. ನೀರು ಕೊರೆದ ಓಣಿಯಲ್ಲಿ ಬಾಗಿ ಹತ್ತಬೇಕು. ಎದೆಬಡಿತ ಕಿವಿಯಲ್ಲಿ ಕೇಳುತ್ತಿದೆ. ಹಳೆಯ ಚರ್ಚಿನದೆಂದು ಹುಡುಗ ತೋರಿಸುವ ಕಲ್ಲುಗೋಡೆಗಳು ಮಂಜಿನಿಂದ ಹೊರಬಂದು ಮತ್ತೆ ಮಂಜಿಗೇ ಹೋಗುತ್ತವೆ. ಆಮೇಲೆ ಹತ್ತಲು ಏನೂ ಉಳಿದಿಲ್ಲ. ಕುದುರೆಯ ನೆತ್ತಿ, 1,890 ಮೀಟರಿಗೂ ತುಸು ಮೇಲೆ.

ಗಾಳಿ! ಅರಬ್ಬೀ ಸಮುದ್ರದಿಂದ ಎದ್ದು, ಕರಾವಳಿಯ ತೋಟಗಳನ್ನು ದಾಟಿ, ಮೊದಲು ಅಪ್ಪಳಿಸುವ ಗೋಡೆಯೇ ಇದು. ಅಂಗಿ ಪಟಪಟ ಬಡಿಯುತ್ತದೆ, ಆಡಿದ ಮಾತು ಹಿಂದಕ್ಕೆ ಹಾರಿಹೋಗುತ್ತದೆ. ಪಡುವಣಕ್ಕೆ ಬೆಟ್ಟ ಒಮ್ಮೆಲೇ ಕುಸಿದು ಬೆಳ್ತಂಗಡಿಯ ಕಡೆಯ ಕಾಡುಗಳಿಗೆ ಬೀಳುತ್ತದೆ. ಮೋಡ ಹರಿದ ಕಡೆಯಲ್ಲೆಲ್ಲ ಆಳದಲ್ಲಿ ಹಸಿರು, ಮತ್ತೂ ಆಳದಲ್ಲಿ ಬೆಳ್ಳಿಯ ಗೆರೆಗಳಾಗಿ ತೊರೆಗಳು. ಅವು ನೇತ್ರಾವತಿಯನ್ನು ಸೇರಿ ಮಂಗಳೂರಿನ ಕಡಲಿಗೆ. ಬೆನ್ನ ಹಿಂದಿನ ಇಳಿಜಾರಿನ ನೀರು ಭದ್ರೆಗೆ, ಕೂಡಲಿಯಲ್ಲಿ ತುಂಗೆಯ ಜತೆ ಸೇರಿ ತುಂಗಭದ್ರೆ, ಮುಂದೆ ಕೃಷ್ಣೆ, ಕೊನೆಗೆ ಬಂಗಾಳ ಕೊಲ್ಲಿ. ಒಂದೇ ಮೋಡದ ಎರಡು ಹನಿಗಳು, ನಾನು ಕೂತಿರುವ ಬಂಡೆಯ ಆಚೆ ಒಂದು, ಈಚೆ ಒಂದು ಬಿದ್ದು ಎರಡು ಸಮುದ್ರಗಳಿಗೆ ಹೋಗುತ್ತವೆ!

ಬೆಟ್ಟಸಾಲಿನ ಇನ್ನೊಂದು ಬದಿಯಲ್ಲಿ ಕುದುರೆಮುಖ ಪಟ್ಟಣವಿದೆ. ಬರುವಾಗ ಅದರ ನಡುವೆಯೇ ಹಾದು ಬಂದೆವು. ಸಾಲುಸಾಲು ಮನೆಗಳು, ಬಹುಪಾಲು ಖಾಲಿ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿದಾಗ ಇರಾನಿನ ದೊರೆ ಶಹಾನ ಸಾಲ ಅದರ ಬೆನ್ನಿಗಿತ್ತು. ಅಲ್ಲಿ ಕ್ರಾಂತಿಯಾಗಿ ಇರಾನ್ ಹಿಂದೆ ಸರಿಯಿತು, ಗಣಿ ಮಾತ್ರ ನಡೆಯಿತು. ಅದಿರನ್ನು ಅರೆದು ನೀರಿಗೆ ಬೆರೆಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಸಿದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿತು. ಮಳೆಗಾಲದಲ್ಲಿ ಅಗೆದ ಮಣ್ಣು ಭದ್ರೆಗೂ ಇಳಿಯಿತು. ಗಣಿ ನಿಲ್ಲಬೇಕೆಂದು ಪರಿಸರ ಹೋರಾಟಗಾರರು ಸುಪ್ರೀಂ ಕೋರ್ಟಿನವರೆಗೂ ಹೋದರು. 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ಪಟ್ಟಣದಲ್ಲಿ ಹುಟ್ಟಿ ಬೆಳೆದವರ ನೋವು ಸಣ್ಣದಲ್ಲ. ಶಾಲೆ, ಆಸ್ಪತ್ರೆ, ಗೆಳೆಯರ ಓಣಿ ಎಲ್ಲವೂ ಚದುರಿದವು. ಆದರೂ ಈ ಬಂಡೆಯ ಮೇಲೆ ಕೂತು ಕೆಳಗಿನ ತೊರೆಗಳನ್ನು ನೋಡುತ್ತಿರುವವಳಿಗೆ ಆ ತೀರ್ಪಿನ ಬೆಲೆ ಕಣ್ಣಾರೆ ಕಾಣುತ್ತದೆ. ಬೆಟ್ಟದೊಳಗಿನ ಕಬ್ಬಿಣ ಒಮ್ಮೆ ತೆಗೆದರೆ ಮುಗಿಯುತ್ತದೆ. ನೀರು ವರ್ಷವರ್ಷವೂ ಬರುತ್ತದೆ, ಬೆಟ್ಟವನ್ನು ಬೆಟ್ಟವಾಗಿ ಬಿಟ್ಟರೆ.

ಇಳಿಯುವ ದಾರಿಯಲ್ಲಿ ಆಕಾಶ ಪೂರ್ತಿ ತೆರೆದುಕೊಂಡಿತು. ದೂರದ ಗುಡ್ಡದ ಬೆನ್ನಲ್ಲಿ ಕಪ್ಪು ಚುಕ್ಕಿಗಳು ನಿಧಾನ ಸರಿಯುತ್ತಿವೆ. ಹುಡುಗ ಹುಬ್ಬಿಗೆ ಕೈಹಚ್ಚಿ ನೋಡಿ "ಕಾಟಿ" ಎನ್ನುತ್ತಾನೆ. ಬಿಳಿ ಕಾಲುಚೀಲ ತೊಟ್ಟ ಕಾಡುಕೋಣಗಳ ಹಿಂಡು ಮೇಯುತ್ತ ಶೋಲಾದ ಅಂಚಿಗೆ ಬಂದು ಒಂದೊಂದಾಗಿ ಒಳಗಿಳಿಯುತ್ತದೆ. ಬೆಳಗಿಡೀ ಮೌನವಾಗಿದ್ದವನಿಗೆ ಈಗ ಮಾತಿನ ಹುರುಪು. ಬೆರಳು ಚಾಚಿ ತೋರಿಸುತ್ತ ಹೋಗುತ್ತಾನೆ: ಆಚೆಗಿನದು ನೇತ್ರಾವತಿ ಶಿಖರ, ಅದರ ದಾರಿಯೂ ಸಂಸೆಯ ಕಡೆಯಿಂದಲೇ. ಕುರಿಂಜಾಲು, ಗಂಗಡಿಕಲ್ಲಿಗೆ ಪಟ್ಟಣದ ಬದಿಯಿಂದ ಹತ್ತಬೇಕು.

"ನೇತ್ರಾವತಿಗೆ ನಾಳೆ ಹೋಗಬಹುದಾ?"

"ಪರ್ಮಿಷನ್ ಸಿಕ್ಕಿದ್ರೆ ಹೋಗುವ ಅಕ್ಕ. ದಿನಕ್ಕೆ ಇಷ್ಟೇ ಜನ ಅಂತ ಉಂಟಲ್ಲ. ಕೆಳಗೆ ಹೋದ್ಮೇಲೆ ಮೊದಲು ಅದನ್ನೇ ನೋಡಿ, ಕಾಲು ತೊಳೆಯೋದು ಆಮೇಲೆ."

ಅವನ ಹಿಂದೆ ನನ್ನ ಹೆಜ್ಜೆಯೂ ಚುರುಕಾಗುತ್ತದೆ.