ಖಾಲಿ ಬಿಡಬೇಕಿದ್ದ ಒಂದು ಹೆಸರು

ಪುಣೆಯ ಭೋಸರಿ ಎಂ.ಐ.ಡಿ.ಸಿ.ಯಲ್ಲಿ ಹಿತ್ತಾಳೆಯ ಬುಷ್ ತಯಾರಿಸುವ ಒಂದು ಸಣ್ಣ ಕಾರ್ಖಾನೆ. 2021ರ ಮಾರ್ಚ್ ಮೊದಲ ವಾರ ಅಲ್ಲಿನ ಪ್ಯಾಕಿಂಗ್ ಮೇಜಿನ ಕೆಳಗೆ ಒಂದು ಹಳೆಯ ಎಣ್ಣೆ ಡಬ್ಬಿ ಸಿಕ್ಕಿತು. ಸುರುವಿ ಎಣಿಸಿದರೆ ಒಳಗೆ 132 ಬುಷ್‌ಗಳು. ಹಿತ್ತಾಳೆಗೆ ಗುಜರಿಯಲ್ಲೂ ಒಳ್ಳೆ ಬೆಲೆ. ಹಾಗಾಗಿ ಆ ಮೇಜಿನಲ್ಲಿ ಕೆಲಸ ಮಾಡುತ್ತಿದ್ದವರನ್ನು ಯಾರೂ ಹೆಚ್ಚು ವಿಚಾರಿಸಲಿಲ್ಲ. ಮೂರು ದಿನ ಗೇಟಿನ ಹೊರಗೆ ನಿಲ್ಲಿಸಿದರು. ಅವರು ಕದ್ದಿರಲಿಲ್ಲ. ತಪ್ಪು ನನ್ನದಾಗಿತ್ತು. ಆ ಕಾರ್ಖಾನೆಯ ಒಳಗೆ ನಾನು ಅಲ್ಲಿಯವರೆಗೆ ಕಾಲಿಟ್ಟಿರಲೂ ಇಲ್ಲ.

ನಾನು ಎಂ.ಸಿ.ಎ. ಮುಗಿಸಿ ತುಮಕೂರಿನಿಂದ ಪುಣೆಗೆ ಬಂದವನು. ಆಗ ಕೆಲಸ ಮಾಡುತ್ತಿದ್ದ ಕಂಪನಿ ಕಾರ್ಖಾನೆಗಳಿಗೆ ಬಿಡಿಭಾಗ ಎಣಿಸುವ ಯಂತ್ರ ಮಾಡಿಕೊಡುತ್ತಿತ್ತು. ಒಳಗೆ ಒಂದು ಪುಟ್ಟ ಕಂಪ್ಯೂಟರ್, ಅದರಲ್ಲಿ ಉಬುಂಟು ಲಿನಕ್ಸ್ ಆಧರಿಸಿ ನಾವೇ ಸಿದ್ಧಪಡಿಸಿದ ಆಪರೇಟಿಂಗ್ ಸಿಸ್ಟಂ. ಎರಡು ಮೂರು ವರ್ಷಕ್ಕೊಮ್ಮೆ ಅದರ ಹೊಸ ಆವೃತ್ತಿ ಬಿಡುಗಡೆ. ಯಾವ ತಂತ್ರಾಂಶದ ಯಾವ ಆವೃತ್ತಿ ಒಳಗೆ ಹೋಗಬೇಕು ಎಂಬ ಪಟ್ಟಿಗೆ ಕೊನೆಯ ಸಹಿ ನನ್ನದು.

ನಮ್ಮ ಹಳೆಯ ಯಂತ್ರಗಳಲ್ಲಿ ಇದ್ದದ್ದು ಉಬುಂಟು 16.04. ಅದರ ಸಾಮಾನ್ಯ ಬೆಂಬಲ 2021ರ ಏಪ್ರಿಲ್‌ಗೆ ಮುಗಿಯುವುದಿತ್ತು. ಆದ್ದರಿಂದ 20.04ಕ್ಕೆ ಹಾರಬೇಕು. ಅಲ್ಲಿ ಎದುರಾದದ್ದು ಪೈಥಾನ್ ಪ್ರಶ್ನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೂರನೇ ಅವತಾರ 2008ರ ಡಿಸೆಂಬರ್‌ನಲ್ಲಿ ಬಂತು. ಎರಡನೆಯದರಲ್ಲಿ ಬರೆದದ್ದೆಲ್ಲ ಮೂರನೆಯದರಲ್ಲಿ ಹಾಗೆ ಹಾಗೇ ಓಡುವುದಿಲ್ಲ. ಜನ ಬದಲಾಗಲು ಹಿಂದೆಮುಂದೆ ನೋಡಿದರು. 2015ಕ್ಕೆ ಮುಗಿಯಬೇಕಿದ್ದ 2.7ರ ಬೆಂಬಲವನ್ನು 2020ರವರೆಗೆ ಎಳೆದರು. 2020ರ ಏಪ್ರಿಲ್‌ನಲ್ಲಿ 2.7.18 ಬಂದು ಆ ಸಾಲು ನಿಂತಿತು.

ಇಷ್ಟು ವರ್ಷ ಒಂದೇ ಸಿಸ್ಟಂನಲ್ಲಿ ಎರಡೂ ಪೈಥಾನ್ ಇದ್ದವು. ಸಮಸ್ಯೆ ಹೆಸರಿನದು. ಬರೀ ‘ಪೈಥಾನ್’ ಎಂದು ಕಮಾಂಡ್ ಕೊಟ್ಟರೆ ಯಾವುದು ಓಡಬೇಕು? ಆರ್ಚ್ ಲಿನಕ್ಸ್‌ನವರು 2010ರಲ್ಲೇ ಆ ಹೆಸರನ್ನು ಮೂರನೆಯದಕ್ಕೆ ಕೊಟ್ಟುಬಿಟ್ಟರು. ಉಳಿದ ಬಹುತೇಕರು ಎರಡನೆಯದಕ್ಕೇ ಇಟ್ಟುಕೊಂಡರು. 2019ರಲ್ಲಿ ಬಂದ ರೆಡ್ ಹ್ಯಾಟ್ 8 ಬೇರೆಯೇ ದಾರಿ ಹಿಡಿಯಿತು: ಆ ಹೆಸರನ್ನು ಯಾರಿಗೂ ಕೊಡದೆ ಖಾಲಿ ಬಿಟ್ಟಿತು. ‘ಪೈಥಾನ್2’ ಅಥವಾ ‘ಪೈಥಾನ್3’ ಎಂದು ಬಾಯಿಬಿಟ್ಟು ಹೇಳಿ, ಓಡಿಸುತ್ತೇವೆ ಎಂದಿತು. ಉಬುಂಟು 20.04 ಕೂಡ ಹಾಗೇ. ಬೇಕಿದ್ದವರಿಗೆ ಎರಡು ಪುಟ್ಟ ಪ್ಯಾಕೇಜ್ ಇಟ್ಟಿತ್ತು. ಒಂದರ ಹೆಸರು ‘ಪೈಥಾನ್-ಈಸ್-ಪೈಥಾನ್2’, ಇನ್ನೊಂದು ‘ಪೈಥಾನ್-ಈಸ್-ಪೈಥಾನ್3’. ಹೆಸರೇ ಕೆಲಸವನ್ನೂ ಹೇಳುತ್ತದೆ.

2020ರ ಡಿಸೆಂಬರ್‌ನಲ್ಲಿ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೀಟಿಂಗ್ ಮಾಡಿದೆವು. ಪೈಥಾನ್ 3.8 ಇರಬೇಕು ಎಂಬುದರಲ್ಲಿ ತಕರಾರಿರಲಿಲ್ಲ. ಎಲ್ಲರಿಗಿಂತ ಜೋರಾಗಿ ಅದರ ಪರ ಮಾತಾಡಿದವನು ನಾನೇ. ಅದಕ್ಕೆ ನನ್ನದೇ ಒಂದು ಕಾರಣವಿತ್ತು. ಹಳೆಯ ಪೈಥಾನ್‌ಗೆ ‘ಕನ್ನಡ’ ಎಂಬ ಪದ ಕೊಟ್ಟು ಉದ್ದ ಎಷ್ಟು ಎಂದು ಸುಮ್ಮನೆ ಕೇಳಿದರೆ 15 ಅನ್ನುತ್ತದೆ. ಅದು ಎಣಿಸುವುದು ಬೈಟುಗಳನ್ನು. ಹೊಸದು 5 ಅನ್ನುತ್ತದೆ: ಕ, ನ, ವಿರಾಮ ಚಿಹ್ನೆ, ನ, ಡ. ನಾವು ಎಣಿಸಿದರೆ 3 ಅಕ್ಷರ. ಅಲ್ಲಿಗೆ ಅದು ಇನ್ನೂ ಬಂದಿಲ್ಲ ನಿಜ, ಆದರೆ 15ಕ್ಕಿಂತ ಎಷ್ಟೋ ವಾಸಿ. ನಮ್ಮ ಯಂತ್ರದ ಲೇಬಲ್‌ಗಳಲ್ಲಿ ಹೆಸರನ್ನು 20 ಬೈಟಿಗೆ ಕತ್ತರಿಸುತ್ತಿದ್ದೆವು. ಮರಾಠಿ ಹೆಸರುಗಳ ಕೊನೆಯ ಅಕ್ಷರ ನಡುವೆ ತುಂಡಾಗಿ ಖಾಲಿ ಚೌಕ ಅಚ್ಚಾಗುತ್ತಿತ್ತು. ಕನ್ನಡವೂ ಒಂದಕ್ಷರಕ್ಕೆ ಮೂರು ಬೈಟು, ಮರಾಠಿಯೂ ಮೂರು ಬೈಟು. ನೋವು ಒಂದೇ. ಮೂರನೇ ಪೈಥಾನ್ ಬಂದರೆ ನಮ್ಮ ಭಾಷೆಗಳಿಗೆ ನ್ಯಾಯ ಸಿಗುತ್ತದೆ ಎಂದು ಭಾಷಣವನ್ನೇ ಮಾಡಿದ್ದೆ.

ಚರ್ಚೆ ಆದದ್ದು ಹೆಸರಿನ ಬಗ್ಗೆ. ತಂಡದ ಕಿರಿಯ ಹುಡುಗಿಯೊಬ್ಬಳು, ಉಬುಂಟುವಿನವರೇ ಖಾಲಿ ಬಿಟ್ಟಿದ್ದಾರೆ, ನಾವೂ ಖಾಲಿಯೇ ಬಿಡೋಣ ಎಂದಳು. ನಾನು ಒಪ್ಪಲಿಲ್ಲ. ಗ್ರಾಹಕರು ತಾವೇ ಬರೆದುಕೊಂಡ ಸಣ್ಣಪುಟ್ಟ ಸ್ಕ್ರಿಪ್ಟ್‌ಗಳು ‘ಪೈಥಾನ್’ ಎಂದೇ ಕರೆಯುತ್ತವೆ, ಆ ಹೆಸರು ಇಲ್ಲದಿದ್ದರೆ ಮರುದಿನ ಬೆಳಿಗ್ಗೆ ಇಪ್ಪತ್ತು ಕಡೆಯಿಂದ ಫೋನ್ ಬರುತ್ತದೆ, ಹೆಚ್ಚಿನವು ಹೊಸದರಲ್ಲೂ ಓಡುತ್ತವೆ ಬಿಡು ಎಂದೆ. ‘ಪೈಥಾನ್-ಈಸ್-ಪೈಥಾನ್3’ ಪಟ್ಟಿಗೆ ಸೇರಿತು. ನಮ್ಮದೇ ಪ್ರೋಗ್ರಾಂಗಳನ್ನು ಎರಡು ವಾರ ಪರೀಕ್ಷಿಸಿದೆವು. ಗ್ರಾಹಕರ ಸ್ಕ್ರಿಪ್ಟ್‌ಗಳನ್ನು ನೋಡಲಿಲ್ಲ. ಅವು ನಮ್ಮವಲ್ಲವಲ್ಲ.

ಫೆಬ್ರವರಿ ಮೊದಲ ವಾರ ಭೋಸರಿಯ ಯಂತ್ರಕ್ಕೆ ಹೊಸ ಆವೃತ್ತಿ ಹಾಕಿದರು. ಒಂದು ಫೋನೂ ಬರಲಿಲ್ಲ. ನನ್ನ ಲೆಕ್ಕ ಸರಿಯಾಯಿತು ಅಂದುಕೊಂಡೆ.

ತಿಂಗಳ ಕೊನೆಗೆ ಫೋನ್ ಬಂದದ್ದು ಅಲ್ಲಿನ ಸೂಪರ್‌ವೈಸರ್‌ದು. ಯಂತ್ರ ಎಣಿಸಿದ್ದಕ್ಕೂ ಸ್ಟೋರಿನ ಪುಸ್ತಕಕ್ಕೂ ತಾಳೆಯಾಗುತ್ತಿಲ್ಲ, ಕಳ್ಳ ಸಿಕ್ಕಿದ್ದಾನೆ, ಆದರೂ ಯಂತ್ರ ಸರಿಯಾಗಿ ಎಣಿಸುತ್ತಿದೆ ಎಂದು ಒಂದು ಪತ್ರ ಕೊಡಿ ಎಂದರು. ಪತ್ರ ಬರೆಯುವ ಮೊದಲು ಒಮ್ಮೆ ನೋಡೋಣ ಎಂದು ಮಾಸ್ಕ್ ಹಾಕಿಕೊಂಡು ಬೈಕ್ ಹತ್ತಿದೆ. ಆ ಪತ್ರವನ್ನು ಕೂತಲ್ಲೇ ಬರೆದುಬಿಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ನೆನೆದರೆ ಇವತ್ತಿಗೂ ಮೈ ಜುಂ ಅನ್ನುತ್ತದೆ.

ಪಾಳಿ ಮುಗಿದಾಗ ಚೀಟಿ ಅಚ್ಚು ಹಾಕುವ ಸ್ಕ್ರಿಪ್ಟ್ ಒಂದನ್ನು ಆ ಸೂಪರ್‌ವೈಸರ್ ವರ್ಷಗಳ ಹಿಂದೆ ಬರೆದಿದ್ದರು. ಒಟ್ಟು ಬುಷ್‌ಗಳನ್ನು 12ರಿಂದ ಭಾಗಿಸು, ಅಷ್ಟು ಪೆಟ್ಟಿಗೆ. ಪೆಟ್ಟಿಗೆಗಳನ್ನು 12ರಿಂದ ಗುಣಿಸಿ ಒಟ್ಟಿನಲ್ಲಿ ಕಳೆ, ಉಳಿದದ್ದು ಬಿಡಿ. ಹಳೆಯ ಪೈಥಾನ್‌ನಲ್ಲಿ 500ನ್ನು 12ರಿಂದ ಭಾಗಿಸಿದರೆ ಪೂರ್ಣಾಂಕ ಮಾತ್ರ ಬರುತ್ತಿತ್ತು, 41. ಆದ್ದರಿಂದ ಬಿಡಿ 8. ಹೊಸದರಲ್ಲಿ ಅದೇ ಭಾಗಾಕಾರ 41.66 ಚಿಲ್ಲರೆ. ಅದನ್ನು 12ರಿಂದ ಗುಣಿಸಿದರೆ ಮತ್ತೆ 500, ಆದ್ದರಿಂದ ಬಿಡಿ ಸೊನ್ನೆ. ಚೀಟಿಯಲ್ಲಿ ಪೂರ್ಣಾಂಕ ಮಾತ್ರ ಬರಲಿ ಎಂದು ಬರೆದಿದ್ದರಿಂದ ಪೆಟ್ಟಿಗೆ ಮಾತ್ರ ಮೊದಲಿನಂತೆ 41 ಎಂದೇ ಬೀಳುತ್ತಿತ್ತು. ಒಟ್ಟು 500, ಪೆಟ್ಟಿಗೆ 41, ಬಿಡಿ 0. ನೋಡಲು ಅಚ್ಚುಕಟ್ಟು. ಎಂಟು ಬುಷ್ ಮಾಯ.

ಪ್ರಿಂಟ್ ಎಂದು ಬರೆದು ಮುಂದಿನದನ್ನು ಆವರಣದೊಳಗೆ ಹಾಕುವುದು ಆ ಮನುಷ್ಯರ ಅಭ್ಯಾಸ. ಆವರಣ ಹಾಕದಿದ್ದರೆ ಹೊಸ ಪೈಥಾನ್ ಮೊದಲ ದಿನವೇ ತಪ್ಪು ಎಂದು ಕೂಗಿ ನಿಲ್ಲುತ್ತಿತ್ತು. ಅವರು ಒಳ್ಳೆಯ ಅಭ್ಯಾಸ ಇಟ್ಟುಕೊಂಡಿದ್ದರಿಂದ ಸ್ಕ್ರಿಪ್ಟ್ ನಿಲ್ಲದೆ ಓಡಿತು, ಸುಳ್ಳು ಹೇಳುತ್ತಾ ಓಡಿತು.

ಪ್ಯಾಕಿಂಗ್ ಮೇಜಿನವರು ಕಲಬುರಗಿ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಗೇಟಿನ ಹೊರಗಿನ ಚಹಾದಂಗಡಿಯಲ್ಲಿ ಕೂತಿದ್ದರು. ನಾನು ಕನ್ನಡದಲ್ಲಿ ಮಾತಾಡಿಸಿದ ಕೂಡಲೇ ಎದ್ದು ನಿಂತರು.

“ನಾ ಕದ್ದಿಲ್ರೀ ಸರ. ದಿನಾ ಐದಾರು ಉಳೀತಾವ. ಸ್ಟೋರಿಗೆ ಒಯ್ದು ಕೊಟ್ರ ಚೀಟ್ಯಾಗ ಸೊನ್ನಿ ಐತಿ, ತಗೊಳ್ಳಂಗಿಲ್ಲ ಅಂತಾರ. ಒಗೀಲಿಕ್ಕ ಬರ್ತದೇನ್ರಿ ಮಾಲು? ಡಬ್ಬ್ಯಾಗ ಹಾಕಿಟ್ಟೆ.”

ನಾನು ಚೀಟಿಯ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸಿದೆ. ತಪ್ಪು ನಮ್ಮ ಯಂತ್ರದ್ದು, ಆ ಯಂತ್ರಕ್ಕೆ ಸಹಿ ಹಾಕಿದವನು ನಾನು ಎಂದೆ. ಅವರು ಸ್ವಲ್ಪ ಹೊತ್ತು ಚೀಟಿಯನ್ನೇ ನೋಡಿ ಹೇಳಿದರು:

“ಮಷೀನು ಕೆಟ್ಟು ನಿಂತಿದ್ರ ಚಲೋ ಇತ್ರಿ ಸರ. ನಿಂತಿದ್ರ ನಿಮಗ ಫೋನ್ ಮಾಡ್ತಿದ್ರು. ಓಡ್ತು ಅಂತ ನನ್ನ ಹಿಡದ್ರು.”

ನಾವು ಗಂಟೆಗಟ್ಟಲೆ ವಾದಿಸಿದ ವಿಷಯವನ್ನು ಅವರು ಮೂರು ಮಾತಿನಲ್ಲಿ ಮುಗಿಸಿದ್ದರು. ಆ ಹೆಸರನ್ನು ಖಾಲಿ ಬಿಟ್ಟಿದ್ದರೆ ಸ್ಕ್ರಿಪ್ಟ್ ‘ಇಂಥ ಕಮಾಂಡ್ ಇಲ್ಲ’ ಎಂದು ಮೊದಲ ಸಂಜೆಯೇ ನಿಂತುಬಿಡುತ್ತಿತ್ತು. ಇಪ್ಪತ್ತು ಫೋನ್ ಬರುತ್ತಿದ್ದವು, ನಿಜ. ಆ ಇಪ್ಪತ್ತೂ ನನಗೆ ಬರುತ್ತಿದ್ದವು. ಫೋನ್ ಬರದ ಹಾಗೆ ನಾನು ನೋಡಿಕೊಂಡೆ. ತೊಂದರೆ ನನ್ನ ಮೇಜು ದಾಟಿ ಅವರ ಮೇಜಿನ ಕೆಳಗಿನ ಡಬ್ಬಿಗೆ ಹೋಗಿ ಸೇರಿತು.

ಹಾಗೆಂದು ಹಳೆಯ ಪೈಥಾನ್ ಉಳಿಸಿಕೊಳ್ಳಬೇಕಿತ್ತು ಎಂದು ನಾನು ಹೇಳುವುದಿಲ್ಲ. ಯಾರೂ ರಿಪೇರಿ ಮಾಡದ ತಂತ್ರಾಂಶವನ್ನು ಕಾರ್ಖಾನೆಯೊಳಗೆ ಇಟ್ಟುಬರುವುದೂ ತಪ್ಪೇ. ಭಾಗಾಕಾರ ಬದಲಾದದ್ದೂ ಒಳ್ಳೆಯದಕ್ಕೇ; ಪೂರ್ಣಾಂಕ ಬೇಕಾದವರಿಗೆ ಎರಡು ಓರೆಗೆರೆ ಹಾಕುವ ದಾರಿ ಹಳೆಯದರಲ್ಲೂ ಇತ್ತು, ಹೊಸದರಲ್ಲೂ ಇದೆ. 2.7ರಲ್ಲೇ ‘-3’ ಎಂಬ ಸೂಚನೆ ಸೇರಿಸಿ ಆ ಸ್ಕ್ರಿಪ್ಟನ್ನು ಒಮ್ಮೆ ಓಡಿಸಿದ್ದರೆ, ಈ ಭಾಗಾಕಾರ ಮುಂದೆ ಬದಲಾಗುತ್ತದೆ ಎಂದು ಅದೇ ಎಚ್ಚರಿಸುತ್ತಿತ್ತು. ನಾವು ಓಡಿಸಲಿಲ್ಲ. ಹಳೆಯ ಹೆಸರಿಗೆ ಹೊಸ ಅರ್ಥ ತುಂಬಿ, ಯಾರಿಗೂ ಹೇಳದೆ ಕಳಿಸಿದೆವು.

ಕಾರ್ಖಾನೆಯ ಮಾಲೀಕರಿಗೆ ನಾನು ಬೇರೆ ಪತ್ರ ಬರೆದೆ. ತಪ್ಪು ನಮ್ಮ ಬಿಡುಗಡೆಯದು, ಡಬ್ಬಿಯಲ್ಲಿದ್ದ 132 ಬುಷ್ ಚೀಟಿಯಲ್ಲಿ ಬೀಳದೇ ಹೋದ ಬಿಡಿಗಳೇ ಎಂದು ದಿನವಾರು ಲೆಕ್ಕ ಇಟ್ಟೆ. ಪತ್ರ ಬೇಡ, ಫೋನಿನಲ್ಲಿ ಹೇಳಿ ಮುಗಿಸು ಎಂದು ನಮ್ಮ ಆಫೀಸಿನಲ್ಲಿ ಒತ್ತಡವಿತ್ತು. ಫೋನಿನಲ್ಲಿ ಹೇಳಿದ್ದು ಗೇಟಿನ ಕಾವಲುಗಾರನವರೆಗೆ ಹೋಗುವುದಿಲ್ಲ ಎಂದು ಹಟ ಹಿಡಿದೆ. ನಾಲ್ಕನೇ ದಿನ ಅವರನ್ನು ಒಳಗೆ ಕರೆದುಕೊಂಡರು. ಮೂರು ದಿನದ ಪಗಾರದಲ್ಲಿ ಎರಡು ದಿನದ್ದು ಸಿಕ್ಕಿತಂತೆ. ಉಳಿದ ಒಂದು ದಿನದ್ದನ್ನು ನಾನು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ, ಚಹಾ ಕುಡಿಸಿ ಕಳಿಸಿದರು.

ಮುಂದಿನ ತಿಂಗಳೇ ಆ ಪ್ಯಾಕೇಜನ್ನು ಕಿತ್ತುಹಾಕಿ ಹೊಸ ಆವೃತ್ತಿ ಬಿಟ್ಟೆವು. ಹದಿನೇಳು ಫೋನ್ ಬಂದವು. ಎಲ್ಲ ಸ್ಕ್ರಿಪ್ಟ್‌ಗಳನ್ನೂ ತರಿಸಿಕೊಂಡು, ಆ ಕಿರಿಯ ಹುಡುಗಿ ಮತ್ತು ನಾನು ಕೂತು ಒಂದೊಂದನ್ನೇ ಓದಿದೆವು. ಭಾಗಾಕಾರದ ತಪ್ಪು ಇನ್ನೂ ಎರಡು ಕಡೆ ಸಿಕ್ಕಿತು.

ಈಗ ನಾವು ಉಬುಂಟು 24.04ರ ಮೇಲಿದ್ದೇವೆ, ಪೈಥಾನ್ 3.12. ಅದರಲ್ಲಿ ಹಳೆಯ ‘ಡಿಸ್ಟ್‌ಯುಟಿಲ್ಸ್’ ಎಂಬ ಭಾಗವನ್ನೇ ತೆಗೆದುಹಾಕಿದ್ದಾರೆ. ಅದನ್ನು ನೆಚ್ಚಿಕೊಂಡ ಸ್ಕ್ರಿಪ್ಟ್ ಸೀದಾ ಮುಗ್ಗರಿಸಿ ಬೀಳುತ್ತದೆ. ಹೊಸಬರು ಬಂದು, ಸರ್, ಗ್ರಾಹಕರಿಗೆ ತೊಂದರೆಯಾಗದ ಹಾಗೆ ಒಳಗೊಳಗೇ ಏನಾದರೂ ಜೋಡಿಸಿಬಿಡೋಣವೇ ಎಂದು ಕೇಳುತ್ತಾರೆ. ಬೀಳಲಿ ಬಿಡಿ, ಫೋನ್ ನಂಬರ್ ಮಾತ್ರ ದೊಡ್ಡದಾಗಿ ಅಚ್ಚು ಹಾಕಿ ಎನ್ನುತ್ತೇನೆ. ಬಿಡುಗಡೆಯ ಪಟ್ಟಿಯಲ್ಲಿ ‘ಪೈಥಾನ್’ ಎಂಬ ಬರೀ ಹೆಸರಿನ ಎದುರು ಇವತ್ತಿಗೂ ಏನೂ ಬರೆದಿಲ್ಲ.